ಆಫ್ರಿಕಾದ ಹಾಡುಗಳಲ್ಲಿ ಹೆಣ್ಣು: ‘ನಾನು’ ಅಂತ ಹಾಡೋದು ಯಾರು?

ಉಪ್ಪುಗಾಳಿ:

ಬಹಳ ದಿನದಿಂದ ಮನಸ್ಸಿನಲ್ಲಿದ್ದ ವಿಷಯ, ಇವತ್ತು ಬರೆದೇಬಿಡ್ತೀನಿ.

ನಾನು ಆರು ವರ್ಷ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ಸ್ವಾಹಿಲಿ ಕಲಿತದ್ದು ಪುಸ್ತಕದಿಂದ ಕಡಿಮೆ, ಹಾಡುಗಳಿಂದಲೇ ಹೆಚ್ಚು. ಮೊದಲು ಬಾಯಿಪಾಠ ಆದದ್ದು ‘ಮಲೈಕಾ’. ಕೀನ್ಯಾದ ಫಾಧಿಲಿ ವಿಲಿಯಂ 1960ರ ಹೊತ್ತಿಗೆ ರೆಕಾರ್ಡ್ ಮಾಡಿದ ಹಾಡು. ನಿಜವಾಗಿ ಬರೆದವರು ಯಾರು ಅನ್ನೋ ತಕರಾರು ಹಳೆಯದು. ಅರ್ಥ ಬಹಳ ಸರಳ. ದೇವತೆಯಂಥವಳೇ, ನಿನ್ನನ್ನು ಪ್ರೀತಿಸ್ತೀನಿ, ಏನು ಮಾಡಲಿ, ಕೈಯಲ್ಲಿ ದುಡ್ಡಿಲ್ಲ, ಇದ್ದಿದ್ದರೆ ನಿನ್ನನ್ನು ಮದುವೆಯಾಗ್ತಿದ್ದೆ. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ‘ಮಹರಿ’ ಕೊಡಬೇಕು. ಹುಡುಗ ಸೋತಿರೋದು ಅದರ ಮುಂದೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಇದನ್ನೇ ಗುನುಗುತ್ತಾ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಕ್ಕದಲ್ಲಿದ್ದ ಸ್ವಾಹಿಲಿ ಟೀಚರ್ ತಡೆದು ಕೇಳಿದರು: ನೀನು ಹೆಂಗಸು, ಆ ಕ್ರಿಯಾಪದ ನಿನಗೆ ಸೇರಿದ್ದಲ್ಲವಲ್ಲ? ಆಗ ಗೊತ್ತಾದದ್ದು. ಸ್ವಾಹಿಲಿಯಲ್ಲಿ ಗಂಡು ಮದುವೆಯಾದರೆ ‘ಓಆ’, ಹೆಣ್ಣು ಮದುವೆಯಾದರೆ ‘ಓಲೇವಾ’. ಎರಡನೆಯದು ಕರ್ಮಣಿ ಪ್ರಯೋಗ. ಅವನು ಮಾಡುವವನು, ಇವಳು ಮಾಡಿಸಿಕೊಳ್ಳುವವಳು. ನಮ್ಮಲ್ಲೂ ‘ಹೆಣ್ಣು ಕೊಟ್ಟೆವು’, ‘ಹೆಣ್ಣು ತಂದುಕೊಂಡೆವು’ ಅಂತೀವಲ್ಲ, ಆ ಮಾತಿನಲ್ಲಿ ಹುಡುಗಿ ಎಲ್ಲೂ ಕರ್ತೃ ಅಲ್ಲ.

ಆದರೆ ‘ಮಲೈಕಾ’ವನ್ನು ಲೋಕಕ್ಕೆಲ್ಲ ಕೇಳಿಸಿದವರು ಒಬ್ಬ ಹೆಂಗಸು, ದಕ್ಷಿಣ ಆಫ್ರಿಕಾದ ಮಿರಿಯಂ ಮಕೇಬಾ. ಆಕೆ ಆ ಗಂಡಿನ ಕ್ರಿಯಾಪದವನ್ನು ಬದಲಿಸಲಿಲ್ಲ. ಆಕೆಯ ದನಿಯಲ್ಲಿ ಅದು ಬಂದಾಗ ಹೆಣ್ಣೊಬ್ಬಳು ‘ನಾನೇ ನಿನ್ನನ್ನು ಮದುವೆಯಾಗ್ತಿದ್ದೆ’ ಅಂದಹಾಗೆ ಕೇಳುತ್ತೆ. ಅವತ್ತಿನಿಂದ ಅಲ್ಲಿಯ ಯಾವ ಹಾಡು ಕೇಳಿದರೂ ನನಗೆ ಮೊದಲು ಬರುವ ಪ್ರಶ್ನೆ ಇದು: ಈ ‘ನಾನು’ ಯಾರು? ಮಾತು ಯಾರದ್ದು, ಬಾಯಿ ಯಾರದ್ದು?

‘ಹೆಣ್ಣನ್ನು ಎಷ್ಟು ಕೀಳಾಗಿ ತೋರಿಸಿದ್ದಾರೆ’ ಅಂತ ಪಟ್ಟಿ ಮಾಡೋದು ಬೇಡ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಹಾಡು ಹಿಡಿದು ಮಾತಾಡಿ. ಐವತ್ತನಾಲ್ಕು ದೇಶಗಳ ಖಂಡ ಅದು, ಯಾವ ದೇಶ ಅಂತ ದಯವಿಟ್ಟು ಹೇಳಿ.

ಧಾರವಾಡದಾಂವ:

ಅಕ್ಕಾರ, ಚೊಲೊ ವಿಷಯ ಎತ್ತೀರಿ. ನಾ ಇಪ್ಪತ್ತು ವರ್ಷದಿಂದ ನೈಜೀರಿಯಾದ ಫೆಲಾ ಕುಟಿನ್ನ ಕೇಳಕೋತ ಬಂದಾಂವ. ಅಂವನ ಮ್ಯಾಲೆ ಈ ವಿಷಯದಾಗ ಎಲ್ಲಾರೂ ಕಲ್ಲು ಒಗೀತಾರ, ಅದಕ್ಕ ನಾನ ಮೊದಲು ಹೇಳತೀನಿ.

1972ರ ‘ಲೇಡಿ’ ಹಾಡು. ಆಕಿನ್ನ ‘ವುಮನ್’ ಅಂದ್ರ ಒಪ್ಪಂಗಿಲ್ಲ, ‘ನಾ ಲೇಡಿ’ ಅಂತಾಳ. ಎಲ್ಲಾರಕಿಂತ ಮೊದಲು ಟೇಬಲ್‌ಗೆ ಕೂಡತಾಳ, ಮೊದಲ ಮಾಂಸದ ತುಂಡು ತನಗ ಬೇಕಂತಾಳ, ಗಂಡಸು ಬಾಗಲಾ ತಗೀಬೇಕು, ಅಡಿಗಿಮನ್ಯಾಗ ತಾಟು ತೊಳೀಬೇಕು ಅಂತಾಳ. ಫೆಲಾ ಬೈಯೋದು ಹೆಣ್ಣಮಕ್ಕಳನ್ನ ಅಲ್ಲ ಅನ್ನೋದು ನನ್ನ ತಿಳಿವಳಿಕಿ. ಬ್ರಿಟಿಷರು ಹೋದ ಮ್ಯಾಲೂ ಅವರ ದೊರೆಸಾನಿ ಥರ ನಡಕೊಳ್ಳೋ ಚಟಾ ಐತಲ್ಲ, ಅದನ್ನ. ಸೂಟು ಹಾಕ್ಕೊಂಡು ಬೆವರು ಸುರಿಸೋ ಗಂಡಸರನ್ನೂ ಅಂವ ಬಿಟ್ಟಿಲ್ಲ. ಸೈನ್ಯದ ವಿರುದ್ಧ ಹಾಡಿದ್ದಕ್ಕ 1977ರ ಫೆಬ್ರವರಿಯೊಳಗ ಅಂವನ ಮನಿ ಸುಟ್ಟರು, ಅಂವನ ತಾಯಿನ್ನ ಮ್ಯಾಲಿನ ಕಿಟಕಿಯಿಂದ ಕೆಳಗ ಒಗದರು. ಮರುವರ್ಷ ಆಕಿ ತೀರಕೊಂಡಳು. ಇಂಥಾ ಮನುಷ್ಯಾನ್ನ ಒಂದು ಹಾಡಿನ ಮ್ಯಾಲೆ ಅಳೀಬಾರದು.

ಬೆಳ್ಳಿಚುಕ್ಕಿ:

ಧಾರವಾಡದ ಅಣ್ಣ, ನೀವು ಆ ತಾಯಿಯ ಮಾತು ತೆಗೆದಿರಿ, ಆದರೆ ಹೆಸರು ಹೇಳಲಿಲ್ಲ. ನನಗೆ ನೋವಾಗೋದು ಅಲ್ಲೇ.

ಫುನ್ಮಿಲಾಯೊ ರಾನ್ಸಮ್ ಕುಟಿ. ‘ಫೆಲಾನ ತಾಯಿ’ ಅನ್ನೋದಕ್ಕೆ ಮೊದಲೇ ಆಕೆ ಅಬೆಯೊಕುಟಾ ಪಟ್ಟಣದ ಹೆಂಗಸರ ಸಂಘ ಕಟ್ಟಿದವರು. ಬ್ರಿಟಿಷರು ಅಲ್ಲಿನ ಅರಸ ಅಲಾಕೆಯ ಮೂಲಕ ಹೆಂಗಸರ ಮೇಲೆ ಬೇರೆಯೇ ಕಂದಾಯ ಹಾಕಿದ್ದರು. 1940ರ ದಶಕದಲ್ಲಿ ಸಂತೆಯಲ್ಲಿ ಕೂತು ಮಾರುವ ಸಾವಿರಾರು ಹೆಂಗಸರು ಅರಮನೆ ಎದುರು ಹಗಲೂ ರಾತ್ರಿ ಕೂತರು. ಕೂತವರು ಸುಮ್ಮನೆ ಕೂರಲಿಲ್ಲ, ಹಾಡು ಕಟ್ಟಿ ಹಾಡಿದರು. ‘ಗಂಡಸುತನ ತೋರಿಸಿ ಇಷ್ಟು ದಿನ ನಮ್ಮ ಗಂಡನ ಹಾಗೆ ಆಳಿದೆ, ಇನ್ನು ಹೆಂಗಸರಾದ ನಾವೇ ಗಂಡನ ಪಾತ್ರ ವಹಿಸ್ತೀವಿ’ ಅನ್ನೋ ಅರ್ಥದ, ಇಲ್ಲಿ ಪೂರ್ತಿ ಬಿಡಿಸಿ ಬರೆಯೋಕಾಗದ ಹಾಡುಗಳು. 1949ರಲ್ಲಿ ಅಲಾಕೆ ಗದ್ದುಗೆ ಬಿಟ್ಟು ಇಳಿದ. ಆ ದೇಶದ ಹಾಡುಗಳಲ್ಲಿ ಹೆಣ್ಣು ಹೇಗಿದ್ದಾಳೆ ಅಂತ ಕೇಳಿದರೆ ನಾನು ಮೊದಲು ತೋರಿಸೋದು ಅರಮನೆ ಬಾಗಿಲಿನ ಈ ಹಾಡುಗಳನ್ನು. ರೆಕಾರ್ಡ್ ಕಂಪನಿ ಯಾವುದೂ ಅವನ್ನು ಅಚ್ಚು ಹಾಕಲಿಲ್ಲ.

ಈಗ ‘ಲೇಡಿ’ಯ ಎರಡನೇ ಭಾಗ ಕೇಳಿ. ನೀವು ಅದನ್ನು ಬರೀಲಿಲ್ಲ. ಲೇಡಿಗೆ ಎದುರಾಗಿ ‘ನಿಜವಾದ ಆಫ್ರಿಕನ್ ಹೆಂಗಸು’ ಬರ್ತಾಳೆ. ಆಕೆ ಬೆಂಕಿಯ ಕುಣಿತ ಕುಣೀತಾಳೆ, ಗಂಡನೇ ಯಜಮಾನ ಅಂತ ಬಲ್ಲಳು, ಅಡುಗೆ ಮಾಡ್ತಾಳೆ, ಹೇಳಿದ್ದನ್ನು ಮಾಡ್ತಾಳೆ. ಲೇಡಿಯ ತಪ್ಪುಗಳ ಪಟ್ಟಿಯಲ್ಲಿ ಬಾಗಿಲು, ತಟ್ಟೆ ಮಾತ್ರ ಇಲ್ಲ. ‘ನಾನು ಗಂಡಸಿಗೆ ಸಮ’ ಅನ್ನೋದೂ ಇದೆ. ಸಮ ಅಂತ ಹೇಳಿ ಅರಸನನ್ನೇ ಇಳಿಸಿದಾಕೆಯ ಮಗ ಇದನ್ನು ದೊರೆಸಾನಿಯರಿಂದ ಬಂದ ಚಟ ಅಂತಾನೆ. ಅಬೆಯೊಕುಟಾದ ಸಂತೆಯ ಹೆಂಗಸರು ಯಾವ ದೊರೆಸಾನಿಯನ್ನು ನೋಡಿ ಕಲಿತರು? 1975ರ ‘ಮ್ಯಾಟ್ರೆಸ್’ ಹಾಡಿನಲ್ಲಂತೂ ಹೆಣ್ಣು ಮಲಗೋ ಹಾಸಿಗೆ. 1978ರಲ್ಲಿ ಒಂದೇ ದಿನ 27 ಮಂದಿಯನ್ನು ಮದುವೆಯಾದ, ಬಹುಪಾಲು ಅವನ ತಂಡದಲ್ಲೇ ಹಾಡಿ ಕುಣಿಯುತ್ತಿದ್ದವರು.

ಅವನ ಧೈರ್ಯ ದೊಡ್ಡದು, ನಾನೂ ಅವನ ಹಾಡು ಕೇಳ್ತೀನಿ. ಆದರೆ ಈ ವಿಷಯದಲ್ಲಿ ಅವನನ್ನು ಅಳೆಯೋಕೆ ಒಂದೇ ಒಂದು ಹಾಡಲ್ಲ, ಬೇಕಾದಷ್ಟಿವೆ.

ಧಾರವಾಡದಾಂವ:

ತಂಗಿ, ‘ಮ್ಯಾಟ್ರೆಸ್’ ಬಗ್ಗೆ ನಾ ಏನೂ ಸಮರ್ಥನಿ ಮಾಡಂಗಿಲ್ಲ. ಅಬೆಯೊಕುಟಾದ ಹೆಣ್ಣಮಕ್ಕಳು ಹಾಡು ಕಟ್ಟಿದ್ದು ನನಗ ಗೊತ್ತಿದ್ದಿಲ್ಲ. ‘ಲೇಡಿ’ನ್ನ ಮುಂದ ಹೆಣ್ಣಮಕ್ಕಳೂ ಎತ್ತಿಕೊಂಡಾರ, ಬೆನಿನ್ ದೇಶದ ಅಂಜೆಲಿಕ್ ಕಿಜೊ ಇನ್ನೂ ಕೆಲವರ ಜೋಡಿ ಸೇರಿ ಹಾಡ್ಯಾಳ, 2013ರಾಗ ಬಂದ ಸಂಗ್ರಹದಾಗ ಐತಿ. ಅದ ಶಬ್ದ ಹೆಣ್ಣಮಕ್ಕಳ ಬಾಯಾಗ ಬಂದ್ರ ಬೈಗುಳ ಹೋಗಿ ಹೆಮ್ಮಿ ಆಗತೈತಿ. ಉಪ್ಪುಗಾಳಿ ಅಕ್ಕಾರು ಮಕೇಬಾ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದತೈತಿ.

ಹಳೇ ಗ್ರಾಮಫೋನ್:

ನಾನು ಎಂಬತ್ತರ ದಶಕದಲ್ಲಿ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಆಗ ಅಲ್ಲಿ ಬಸ್ಸಿನಲ್ಲಿ, ಬಾರಿನಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲೆಲ್ಲೂ ಕಾಂಗೋ ದೇಶದ (ಆಗಿನ ಜೈರ್) ಲಿಂಗಾಲ ಹಾಡುಗಳೇ. ನನ್ನ ಸುತ್ತಲಿನ ಹೆಚ್ಚಿನವರಿಗೆ ಆ ಭಾಷೆ ಬರುತ್ತಿರಲಿಲ್ಲ. ಕುಣಿಯುವುದಕ್ಕೆ ಭಾಷೆ ಬೇಕಿರಲಿಲ್ಲ. ನಮ್ಮ ಕಚೇರಿಯಲ್ಲಿ ಜೈರ್‌ನಿಂದ ಬಂದ ಒಬ್ಬ ಗುಮಾಸ್ತರಿದ್ದರು. ಊಟದ ಹೊತ್ತಿಗೆ ಒಂದೊಂದು ಹಾಡಿನ ಅರ್ಥ ಬಿಡಿಸಿ ಹೇಳುತ್ತಿದ್ದರು, ಹರಿಕಥೆ ಕೇಳಿದ ಹಾಗೆ ಕೇಳುತ್ತಿದ್ದೆ.

ಫ್ರಾಂಕೊ ಲುವಾಂಬೊ ಆ ಕಾಲದ ದೊಡ್ಡ ಹೆಸರು. 1938ರಲ್ಲಿ ಹುಟ್ಟಿ 1989ರಲ್ಲಿ ಹೋದರು. ಅವರ ಹಾಡುಗಳ ವಿಶೇಷ ಎಂದರೆ ಎಷ್ಟೋ ಕಡೆ ‘ನಾನು’ ಒಬ್ಬ ಹೆಂಗಸು, ಹಾಡುವುದು ಗಂಡಸು. ‘ಮಾಮೂ’ ಎಂಬ ಹಾಡಿನಲ್ಲಿ ಇಬ್ಬರು ಗೆಳತಿಯರ ಜಗಳ. ಒಬ್ಬಾಕೆಯ ಗಂಡ ಯುರೋಪಿನಲ್ಲಿ ದುಡಿಯುತ್ತಿದ್ದಾನೆ, ಇವಳು ಇಲ್ಲಿ ಮನೆ ಬಿಟ್ಟು ತಿರುಗುತ್ತಾಳೆ ಎಂಬ ಆರೋಪ. ಹಾಡಿದವರು ಫ್ರಾಂಕೊ ಮತ್ತು ಮದಿಲು ಸಿಸ್ಟಂ, ಇಬ್ಬರೂ ಗಂಡಸರು. ಹೆಂಗಸರ ಮಾತಿನ ಧಾಟಿ ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ ಅದು ಬಯಲಾಟದ ಸ್ತ್ರೀವೇಷದ ಸಂಭಾಷಣೆಯಂತೆ ಕೇಳುತ್ತದೆ. ಆದರೆ ತೀರ್ಪು ಯಾರದ್ದು ಎಂದು ಯೋಚಿಸಿದರೆ ಗಂಡಸಿನದೇ. ಮನೆ ಬಿಟ್ಟು ಯುರೋಪಿನಲ್ಲಿರುವ ಗಂಡ ಅಲ್ಲೇನು ಮಾಡುತ್ತಾನೆ ಎಂದು ಆ ಹಾಡು ಕೇಳುವುದೇ ಇಲ್ಲ.

ಹಾಗೆಂದು ಒಂದೇ ಬಣ್ಣ ಬಳಿಯಬೇಡಿ. ಅದೇ ಫ್ರಾಂಕೊ 1985ರಲ್ಲಿ ‘ಮಾರಿಯೊ’ ಹಾಡಿದರು. ಓದಿ ಡಿಗ್ರಿ ಮಾಡಿದ ಹುಡುಗ, ತನಗಿಂತ ಬಹಳ ದೊಡ್ಡ ವಯಸ್ಸಿನ ಹಣವಂತ ಹೆಂಗಸಿನ ಮನೆಯಲ್ಲಿ ಕೂತು ತಿನ್ನುತ್ತಾನೆ. ಬೈಗುಳವೆಲ್ಲ ಅವನಿಗೆ. ಆ ವರ್ಷ ನೈರೋಬಿಯಲ್ಲಿ ‘ಮಾರಿಯೊ’ ಕೇಳದ ಸಂಜೆ ನನಗೆ ನೆನಪಿಲ್ಲ. ಇನ್ನು 1978ರಲ್ಲಿ ಅಶ್ಲೀಲ ಹಾಡು ಹಾಡಿದರೆಂದು ಅವರನ್ನೂ ತಂಡದವರನ್ನೂ ಜೈಲಿಗೆ ಹಾಕಿದ್ದರು. ಆ ಎರಡು ಹಾಡಿಗೂ ಹೆಂಗಸರದೇ ಹೆಸರು, ‘ಹೆಲೆನ್’ ಮತ್ತು ‘ಜಾಕಿ’.

ಉಪ್ಪುಗಾಳಿ:

ಸರ್, ಅದೇ ಕಾಂಗೋದ ಹಾಡುಗಾರ್ತಿ ಎಂಬಿಲಿಯಾ ಬೆಲ್ ಬಗ್ಗೆ ಬರೀರಿ. ಆಕೆ ಹಾಡಿದ್ದು ಯಾರ ಮಾತು?

ಹಳೇ ಗ್ರಾಮಫೋನ್:

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ ತಾಯಿ. ಅವಳ ದನಿಯಂಥ ದನಿ ನಾನು ಆಮೇಲೆ ಕೇಳಿಲ್ಲ. ‘ಎಂಪೆವೆ ಯಾ ಲೋಂಗೊ’ದಲ್ಲಿ ಗಂಡ ಬಿಟ್ಟುಹೋದ ಹೆಂಗಸು ಒಬ್ಬಳೇ ಮಕ್ಕಳನ್ನು ಸಾಕುವ ಸಂಕಟ ಇದೆ, ಊರಿನ ಹೆಂಗಸರೆಲ್ಲ ತಮ್ಮದೇ ಕಥೆ ಎಂದರು. 1983ರಲ್ಲಿ ‘ಎಸ್ವಿ ಯೋ ವಾಪಿ’ ಬಂತು, ಅದರ ರಚನೆ ತಂಡದ ಯಜಮಾನ ತಾಬು ಲೇ ಅವರದು. ಹೆಣ್ಣಿನ ನೋವು ಗಂಡಸು ಬರೆದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಆದರೆ ಆಕೆ ತಾನೇ ಬರೆದಿದ್ದರೆ ಏನು ಬರೆಯುತ್ತಿದ್ದಳೋ ಎಂದು ಈಗ ಈ ಇಳಿವಯಸ್ಸಿನಲ್ಲಿ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಕರಾವಳಿ ಓದುಗ:

ನನ್ನದೊಂದು ಗಮನಿಕೆ. ತಾಯಿಯಾದರೆ ದೇವರು, ಪ್ರೇಯಸಿಯಾದರೆ ದುಡ್ಡಿನ ಆಸೆಯವಳು, ಈ ಎರಡು ಅಚ್ಚು ಪಶ್ಚಿಮ ಆಫ್ರಿಕಾದಲ್ಲಿ ಬಹಳ ಓಡಿವೆ.

‘ಸ್ವೀಟ್ ಮದರ್’, 1976. ಹಾಡಿದವರು ನೈಜೀರಿಯಾ–ಕ್ಯಾಮರೂನ್ ಎರಡೂ ಕಡೆಯ ರಕ್ತದ ಪ್ರಿನ್ಸ್ ನಿಕೊ ಎಂಬಾರ್ಗಾ. ನಾನು ನಿದ್ದೆ ಮಾಡದಿದ್ದರೆ ಅಮ್ಮ ನಿದ್ದೆ ಮಾಡಳು, ನಾನು ಉಣ್ಣದಿದ್ದರೆ ಅಮ್ಮ ಉಣ್ಣಳು. ಇಂಗ್ಲಿಷ್ ಪಿಜಿನ್‌ನಲ್ಲಿ, ಅಂದರೆ ಅಲ್ಲಿಯ ಜನರ ಬೆರಕೆ ಇಂಗ್ಲಿಷ್‌ನಲ್ಲಿ ಇದ್ದ ಕಾರಣ ಗಡಿ ದಾಟಿ ಎಲ್ಲರಿಗೂ ಅರ್ಥವಾಯಿತು. ದೊಡ್ಡ ರೆಕಾರ್ಡ್ ಕಂಪನಿ ಇದು ಮಕ್ಕಳ ಹಾಡಿನಂತಿದೆ ಎಂದು ತಿರಸ್ಕರಿಸಿತ್ತು, ಆಮೇಲೆ ಒಂದು ಕೋಟಿಗೂ ಹೆಚ್ಚು ಪ್ರತಿ ಹೋಯಿತೆಂದು ಹೇಳುತ್ತಾರೆ. ನನಗೂ ಕಣ್ಣು ತುಂಬಿಸುವ ಹಾಡು. ಆದರೆ ನಡುವೆ ಒಂದು ಮಾತು ಬರುತ್ತದೆ: ಇನ್ನೊಬ್ಬ ಹೆಂಡತಿ ಸಿಗಬಹುದು, ಇನ್ನೊಬ್ಬ ಅಮ್ಮ ಸಿಗುತ್ತಾಳೆಯೇ?

ಇನ್ನೊಂದು ತುದಿಗೆ ಐವರಿ ಕೋಸ್ಟ್‌ನ ಮ್ಯಾಜಿಕ್ ಸಿಸ್ಟಂ ತಂಡದ ‘ಪ್ರಮಿಯೇ ಗಾವು’, 1999. ಬಡವನಾಗಿದ್ದಾಗ ಬಿಟ್ಟುಹೋದ ಅಂತು ಎಂಬ ಹುಡುಗಿ, ಅವನು ಟಿವಿಯಲ್ಲಿ ಬಂದ ಮೇಲೆ ವಾಪಸ್ಸು ಬರುತ್ತಾಳೆ. ಕೋಳಿ ಬೇಕು ಅನ್ನುತ್ತಾಳೆ. ಕೋಳಿ ಯಾಕೆ, ಮೊಸಳೆ ಸುಡಿಸುತ್ತೇನೆ, ಆನೆಯ ಸಾರು ಮಾಡಿಸುತ್ತೇನೆ ಅನ್ನುತ್ತಾನೆ ಇವನು. ಮೊದಲ ಸಲ ಮೋಸ ಹೋದವನು ಪೆದ್ದನಲ್ಲ, ಎರಡನೇ ಸಲ ಹೋದವನು ಪೆದ್ದ ಎಂಬುದು ಪಲ್ಲವಿ. ಅಂತು ಒಂದು ಕಡೆಯೂ ತನ್ನ ಪಕ್ಷ ಹೇಳುವುದಿಲ್ಲ. ಅವಳು ಬಾಯಿ ಬಿಡುವುದೇ ತಿನ್ನುವುದನ್ನು ಕೇಳುವುದಕ್ಕೆ.

ಉಪ್ಪುಗಾಳಿ:

ಒಂದು ತಿದ್ದುಪಡಿ. ‘ಸ್ವೀಟ್ ಮದರ್’ನಲ್ಲಿ ‘ಇನ್ನೊಬ್ಬ ಗಂಡ ಸಿಗಬಹುದು’ ಅಂತಲೂ ಇದೆ. ನಿಕೊಗೆ ಅನ್ಯಾಯ ಮಾಡೋದು ಬೇಡ. ಆದರೆ ನೀವು ಹೇಳಿದ ಎರಡು ಅಚ್ಚಿನ ಮಾತು ಒಪ್ಪಿದೆ, ಮತ್ತು ಎರಡನೆಯದರ ಬೇರು ‘ಮಲೈಕಾ’ದಲ್ಲೇ ಇದೆ ಅಂತ ನನಗನ್ನಿಸುತ್ತೆ. ಮದುವೆಗೆ ದುಡ್ಡು ಬೇಕು ಅಂತ ನಿಯಮ ಮಾಡಿದ್ದು ಹಿರಿಯರು. ಮಹರಿ ಎಷ್ಟು ಅಂತ ಮಾತಾಡೋರು ಹಿರಿಯರು. ಹುಡುಗನ ಸಿಟ್ಟು ಮಾತ್ರ ಹುಡುಗಿಯ ಮೇಲೆ.

ಬೆಳ್ಳಿಚುಕ್ಕಿ:

ನಾನು ಒಂಬತ್ತು ವರ್ಷದಿಂದ ಜೋಹಾನ್ಸ್‌ಬರ್ಗ್‌ನಲ್ಲಿದ್ದೀನಿ. ಇಲ್ಲಿ ಮದುವೆಗಳಲ್ಲಿ ಒಂದು ಹಾಡು ತಪ್ಪೋದೇ ಇಲ್ಲ, ಬ್ರೆಂಡಾ ಫಾಸಿಯ ‘ವುಲಿಂಡ್ಲೇಲಾ’, 1997. ದಾರಿ ಬಿಡಿ, ನನ್ನ ಮಗುವಿಗೆ ಇವತ್ತು ಮದುವೆ ಅಂತ ಒಬ್ಬ ತಾಯಿ, ಆಡಿಕೊಳ್ಳುವ ನೆರೆಯವಳ ಎದುರಿಗೆ ಹೆಮ್ಮೆಯಿಂದ ಕೂಗೋದು. ನನ್ನ ಆಫೀಸಿನ ಗೆಳತಿಯ ಮದುವೆಯಲ್ಲಿ ಅವಳ ಅಮ್ಮ ಈ ಹಾಡಿಗೆ ಕುಣಿದದ್ದು ನೋಡಿ ನನ್ನಮ್ಮ ಇಲ್ಲಿರಬೇಕಿತ್ತು ಅಂತ ಅತ್ತುಬಿಟ್ಟೆ.

ಅದೇ ಬ್ರೆಂಡಾ ಹದಿಹರೆಯದ ಹುಡುಗಿಯಾಗಿದ್ದಾಗ, 1983ರಲ್ಲಿ, ಹಾಡಿದ್ದು ‘ವೀಕೆಂಡ್ ಸ್ಪೆಷಲ್’. ವಾರವೆಲ್ಲ ಸುದ್ದಿಯಿಲ್ಲ, ಶುಕ್ರವಾರ ರಾತ್ರಿ ಮಾತ್ರ ಅವನಿಗೆ ನಾನು ಬೇಕು, ನಾನು ಬರೀ ವಾರಾಂತ್ಯದವಳಾ? ಬರೆದವರು ಮೆಲ್ವಿನ್ ಮ್ಯಾಥ್ಯೂಸ್ ಅನ್ನೋ ಗಂಡಸು. ಆದರೆ ಇಲ್ಲಿ ಯಾರನ್ನು ಕೇಳಿದರೂ ಅದು ಬ್ರೆಂಡಾಳ ಮಾತು ಅಂತಾರೆ. ‘ನಾನು’ ಯಾರದ್ದು ಅನ್ನೋ ಪ್ರಶ್ನೆಗೆ ಬರೆದವನ ಹೆಸರು ನೋಡಿ ಮಾತ್ರ ಉತ್ತರ ಹೇಳೋಕಾಗಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಗ್ರಾಮಫೋನ್ ಸರ್, ಎಂಬಿಲಿಯಾ ಬೆಲ್ ವಿಷಯದಲ್ಲೂ ಇದನ್ನು ಯೋಚಿಸಿ.

ಇನ್ನೊಂದು, ಇವೊನ್ ಚಾಕಾ ಚಾಕಾಳ ‘ಉಮ್‌ಕೊಂಬೊತಿ’. ಜೋಳದ ಬಿಯರ್ ಕಾಯಿಸಿ ಕೊಡುವ ಹೆಂಗಸಿನ ಖುಷಿಯ ಹಾಡು. ಹೊರಗಿನವರಿಗೆ ಅದು ಬರೀ ಪಾರ್ಟಿ ಹಾಡು. ಆದರೆ ಈ ದೇಶದಲ್ಲಿ ಎಷ್ಟೋ ಊರುಗಳ ಪುರಸಭೆ ಬಿಯರ್ ಮಾರುವ ಹಕ್ಕನ್ನು ತಾನೇ ಇಟ್ಟುಕೊಂಡು, ಮನೆಯಲ್ಲಿ ಕಾಯಿಸಿದ ಹೆಂಗಸರ ಮೇಲೆ ಪೊಲೀಸರನ್ನು ಬಿಡುತ್ತಿತ್ತು. 1959ರಲ್ಲಿ ಡರ್ಬನ್‌ನ ಕೇಟೊ ಮ್ಯಾನರ್‌ನಲ್ಲಿ ಹೆಂಗಸರು ಪುರಸಭೆಯ ಬಿಯರ್ ಹಾಲ್‌ಗಳಿಗೇ ನುಗ್ಗಿದರು. ಅದು ತಿಳಿದ ಮೇಲೆ ಆ ಹಾಡಿನಲ್ಲಿ ಒಲೆ ಮುಂದೆ ನಿಂತವಳು ನನಗೆ ಬೇರೆಯೇ ಥರ ಕಾಣಿಸ್ತಾಳೆ.

ಮಲೆನಾಡ ಮಳೆ:

ಎಲ್ಲರೂ ಹಳೇದೇ ಹೇಳ್ತಿದ್ದೀರಿ, ನಾನು ಕೇಳೋದು ಈಗಿನದ್ದು. ನೈಜೀರಿಯಾದ ಯೆಮಿ ಅಲಾಡೆಯ ‘ಜಾನಿ’ (2013) ಊರೂರಲ್ಲಿ ಹುಡುಗಿಯರನ್ನು ಇಟ್ಟುಕೊಂಡವನನ್ನು ಹುಡುಕಿಕೊಂಡು ಹೋಗೋ ಹಾಡು, ಹುಡುಗಿ ಅಳ್ತಾ ಕೂರಲ್ಲ. ಟೆಮ್ಸ್, ಐರಾ ಸ್ಟಾರ್ ತಮ್ಮ ಹಾಡು ತಾವೇ ಬರೆಯೋದರಲ್ಲಿ ಕೈ ಹಾಕ್ತಾರೆ. ದಕ್ಷಿಣ ಆಫ್ರಿಕಾದ ಟೈಲಾ ‘ವಾಟರ್’ಗೆ 2024ರಲ್ಲಿ ಗ್ರ್ಯಾಮಿ ಬಂತು, ಆಫ್ರಿಕನ್ ಸಂಗೀತಕ್ಕೆ ಅಂತ ಮಾಡಿದ ಹೊಸ ವಿಭಾಗದ ಮೊದಲ ಪ್ರಶಸ್ತಿ. ಅದರಲ್ಲಿ ಹುಡುಗಿ ತನಗೇನು ಬೇಕು ಅಂತ ನೇರವಾಗಿ ಕೇಳ್ತಾಳೆ. ಕಾಮೆಂಟುಗಳಲ್ಲಿ ಬೈಯೋರಿಗೆ ಗಂಡಸರು ಅದನ್ನೇ ಹಾಡಿದಾಗ ಏನೂ ಅನ್ನಿಸಿರಲಿಲ್ಲ. ಮೈ ತೋರಿಸಿದರು ಅನ್ನೋದೊಂದೇ ಅಳತೆ ಇಟ್ಟುಕೊಂಡರೆ ಮಾತು ಕಿವಿಗೆ ಬೀಳೋದೇ ಇಲ್ಲ.

ಹಳೇ ಗ್ರಾಮಫೋನ್:

ಮಗು, ಕೇಳಿಸಿಕೊಳ್ಳುತ್ತೇನೆ. ಆದರೆ ಬೇಕು ಅನ್ನುವುದನ್ನು ಹೇಳುವುದಕ್ಕೂ ಮಾರುಕಟ್ಟೆಗೆ ಬೇಕಾದದ್ದನ್ನು ಹೇಳುವುದಕ್ಕೂ ಇರುವ ಗೆರೆ ನನಗೆ ಆ ಹೊಸ ಹಾಡುಗಳಲ್ಲಿ ಸುಲಭಕ್ಕೆ ಕಾಣುವುದಿಲ್ಲ.

ಧಾರವಾಡದಾಂವ:

ಮಾಲಿ ದೇಶದ ಊಮು ಸಂಗಾರೆನ್ನ ಯಾರೂ ನೆನಸಲಿಲ್ಲಲಾ! ಬಮಾಕೊ ಊರಾಗ 1968ರಾಗ ಹುಟ್ಟಿದಾಕಿ. ಅಪ್ಪ ಇನ್ನೊಂದು ಹೆಂಡತಿ ಮಾಡಕೊಂಡು ಇವರನ್ನ ಬಿಟ್ಟ ಹೋದ. ಸಣ್ಣಾಕಿ ಇದ್ದಾಗಿಂದ ಹಾಡಿ ಅವ್ವಗ ಆಸರ ಆದಾಕಿ. ಇಪ್ಪತ್ತೊಂದರ ಸುಮಾರಿಗೆ ಮೊದಲನೇ ಕ್ಯಾಸೆಟ್ ‘ಮೂಸೋಲು’, ಅಂದ್ರ ‘ಹೆಣ್ಣಮಕ್ಕಳು’. ಪಶ್ಚಿಮ ಆಫ್ರಿಕಾ ತುಂಬ ಎರಡು ಲಕ್ಷದ ಮ್ಯಾಲೆ ಹೋತು ಅಂತಾರ. ಬಹುಪತ್ನಿತ್ವ, ಒತ್ತಾಯದ ಮದುವಿ ಎರಡನ್ನೂ ಹೆಸರು ಹಿಡದು ಬೈದಾಳ. ‘ಡಿಯಾರಾಬಿ ನೇನೆ’ಯೊಳಗ ಹರೇದ ಹುಡುಗಿ ಮೈಯಾಗಿನ ಪ್ರೀತಿ ನಡುಕ ಬಾಯಿ ಬಿಟ್ಟು ಹೇಳತಾಳ. 1996ರ ‘ವೊರೊಟಾನ್’ ಅಂದ್ರ ಹತ್ತು ಕೋಲಾಕಾಯಿ, ಹೆಣ್ಣು ಕೇಳಲಿಕ್ಕೆ ಕೊಡೋದು.

ಆಕಿಗೆ ಈ ಧೈರ್ಯ ಎಲ್ಲಿಂದ ಬಂತು ಅನ್ನೋದಕ್ಕ ಒಂದು ಕಾರಣ ಐತಿ. ಅಲ್ಲಿ ಜೆಲಿ ಅಂತ ವಂಶದ ಹಾಡುಗಾರರು, ದೊಡ್ಡವರ ಮನಿತನ ಹೊಗಳೋದು ಅವರ ಕಸುಬು. ಊಮುನ ಮನಿತನದ ಮೂಲ ಆದ ವಸುಲು ಸೀಮ್ಯಾಗ ಹಾಡೋರನ್ನ ‘ಹಕ್ಕಿ’ ಅಂತಾರ, ವಂಶದ ಕಟ್ಟು ಇಲ್ಲ, ಯಾರ ಹೊಗಳಿಕಿ ಋಣಾನೂ ಇಲ್ಲ. ವಾದ್ಯಾನೂ ಬೇಟೆಗಾರರ ವೀಣೆಯಿಂದ ಹುಡುಗರು ಮಾಡಕೊಂಡದ್ದು, ‘ಕಮಲೆ ಎನ್ಗೊನಿ’. ಹಿಂಗಾಗಿ ಹಿರೇರಿಗೆ ಎದುರು ಮಾತಾಡೋ ಜಾಗಾ ಸಿಕ್ತು. ನಾ ಈಗ ‘ಲೇಡಿ’ ಆದ ಮ್ಯಾಲೆ ಇದನ್ನ ಹಚ್ಚತೀನಿ.

ಕರಾವಳಿ ಓದುಗ:

ಜಿಂಬಾಬ್ವೆಯ ಆಲಿವರ್ ಮ್ಟುಕುಡ್ಜಿಯನ್ನೂ ಸೇರಿಸಿ. ಗಂಡ ಸತ್ತ ಮೇಲೆ ಅವನ ಅಣ್ಣತಮ್ಮಂದಿರು ಆಸ್ತಿ ಬಾಚಿಕೊಂಡು ಹೋಗುವುದು ಅಲ್ಲಿ ನಡೆಯುತ್ತಿದ್ದ ಸಂಗತಿ. 1982ರ ಕಾನೂನು ಬರುವವರೆಗೆ ಕಪ್ಪು ಹೆಂಗಸು ಎಷ್ಟೇ ವಯಸ್ಸಾದರೂ ಕಾನೂನಿನ ಕಣ್ಣಿಗೆ ಮೈನರ್. ಅದೇ ಕಥೆಯ ಸಿನಿಮಾಕ್ಕೆ ಅವರು ಹಾಡಿದ ‘ನೆರಿಯಾ’ದಲ್ಲಿ ವಿಧವೆಗೆ ಎದೆಗುಂದಬೇಡ ಅನ್ನುತ್ತಾರೆ. ‘ಟೊಜೇಜಾ’ದಲ್ಲಿ ಕುಡಿದು ಬರುವ ಅಪ್ಪನಿಗೆ ಹೆದರುವ ಮಗು ಮಾತಾಡುತ್ತದೆ. ಗಂಡಸು ಹಾಡಿಯೂ ಹೆಣ್ಣಿನ ಬಾಯಿ ಕಸಿಯದೆ ಇರಬಹುದು.

ಉಪ್ಪುಗಾಳಿ:

ಕೊನೆಗೆ ನಾನು ಹೇಳಬೇಕು ಅಂತಲೇ ಈ ಚರ್ಚೆ ಶುರು ಮಾಡಿದ್ದು ಇದನ್ನು.

ಸೀತಿ ಬಿಂತಿ ಸಾದ್. ಈಗ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದಲ್ಲಿ 1880ರ ಆಸುಪಾಸಿನಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿದವಳು. ಇಟ್ಟ ಹೆಸರೇ ‘ಮ್ಟುಮ್ವಾ’, ಗುಲಾಮ ಅಂತ. ಮಡಕೆ ಮಾರುತ್ತಿದ್ದಳು. ಅರಮನೆಯಲ್ಲಿ ಅರಬ್ಬಿಯಲ್ಲಿ ಹಾಡುತ್ತಿದ್ದ ತಾರಬ್ ಸಂಗೀತವನ್ನು ಜನರ ಸ್ವಾಹಿಲಿಗೆ ತಂದವಳು ಅಂತ ಹೆಸರು. 1928ರಲ್ಲಿ ತಂಡ ಕಟ್ಟಿಕೊಂಡು ಹಡಗಿನಲ್ಲಿ ನಮ್ಮ ಮುಂಬಯಿಗೆ ಬಂದು ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡಿದಳು. ಪೂರ್ವ ಆಫ್ರಿಕಾದ ಹೆಣ್ಣುದನಿ ಮೊದಮೊದಲು ಗ್ರಾಮಫೋನ್ ತಟ್ಟೆಯ ಮೇಲೆ ಕೂತದ್ದು ನಮ್ಮ ಕಡೆಯ ಊರಲ್ಲಿ.

ಆಕೆ ರೂಪವಂತೆ ಅಲ್ಲ, ಹಳ್ಳಿಯಿಂದ ಒಂದು ಕಪ್ಪು ಬಟ್ಟೆ ಸುತ್ತಿಕೊಂಡು ಬಂದವಳು ಅಂತ ಎದುರಾಳಿಗಳು ಹಾಡು ಕಟ್ಟಿ ಹಂಗಿಸಿದರು. ಆಕೆಯೂ ಹಾಡಿನಲ್ಲೇ ಉತ್ತರ ಕೊಟ್ಟಳು: ಚೆಲುವು, ಕುಲ ದೊಡ್ಡದಲ್ಲ, ಬುದ್ಧಿ ಇಲ್ಲದಿರುವುದೇ ಮನುಷ್ಯನಿಗೆ ನಷ್ಟ. ತಾರಬ್‌ನಲ್ಲಿ ಹೀಗೆ ಚುಚ್ಚಿ ಹಾಡುವುದು ಈಗಲೂ ಇದೆ, ‘ಮಿಪಾಶೊ’ ಅಂತಾರೆ. ನಮ್ಮ ಬೀಗರ ಹಾಡು ಕೇಳಿದವರಿಗೆ ಅದು ತಕ್ಷಣ ಅರ್ಥವಾಗುತ್ತೆ.

ಆದರೆ ನನ್ನನ್ನು ಬಿಡದೆ ಕಾಡೋದು ‘ಕಿಜಿಟಿ’. ನಿಜವಾಗಿ ನಡೆದದ್ದು. ದಾರ್ ಎಸ್ ಸಲಾಮ್‌ನಿಂದ ಜಾಂಜಿಬಾರ್‌ಗೆ ನೆಂಟಳಾಗಿ ಬಂದ ಹೆಂಗಸನ್ನು, ಹೊಟ್ಟೆಯಲ್ಲಿ ಮಗು ಇದ್ದವಳನ್ನು, ಕಿಜಿಟಿ ಅನ್ನೋನು ಕೆಡಿಸಿ ಕೊಂದ. ಕೊಂದವನು ಕಡಲು ದಾಟಿ ಓಡಿಹೋದ. ನ್ಯಾಯಾಧೀಶ ಶಿಕ್ಷೆ ಕೊಟ್ಟದ್ದು ಆಕೆಯ ಜೊತೆ ಹೋಗಿದ್ದ ಇಬ್ಬರು ಹೆಂಗಸರಿಗೆ. ಸೀತಿ ಇದನ್ನು ಹಾಡು ಮಾಡಿ ಊರಿಗೆಲ್ಲ ಕೇಳಿಸಿದಳು. ಕೋರ್ಟಿನಲ್ಲಿ ನಡೆಯದ ಆ ಹೆಂಗಸರ ಮಾತಿಗೆ ಹಾಡಿನಲ್ಲಿ ಜಾಗ ಸಿಕ್ಕಿತು.

ಮಲೆನಾಡ ಮಳೆ:

ಅಕ್ಕ, ಕೊಲೆಯಾದವಳ ಹೆಸರೇನು?

ಉಪ್ಪುಗಾಳಿ:

ಅದನ್ನೇ ನಾನೂ ಆ ಸ್ವಾಹಿಲಿ ಟೀಚರನ್ನು ಕೇಳಿದ್ದೆ ಮಗಾ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಾಡನ್ನು ನಾವೆಲ್ಲ ಅವನ ಹೆಸರಿನಿಂದಲೇ ಕರೀತೀವಿ’ ಅಂದರು.